ಪಿನಾಂಗ್‌ನ ಕಾಫಿ ಅಂಗಡಿ, ನಮ್ಮ ಬೇಲಿಯ ಮರಕಾಫಿ

ಹೋದ ತಿಂಗಳು ಏನೂ ಬರೀಲಿಲ್ಲ ಯಾಕೆ ಅಂತ ಕೆಲವರು ಕೇಳಿದ್ರಿ. ನಾನು ಊರಲ್ಲಿರಲಿಲ್ಲ. ಮಗ ಮಲೇಷ್ಯಾದ ಪಿನಾಂಗ್‌ನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. ಕುಯ್ಲು ಶುರುವಾಗೋಕೆ ಮುಂಚೆ ಬಂದು ಹೋಗಿ ಅಂತ ಟಿಕೆಟ್ ಕಳಿಸಿದ್ದ. ಹೋದ ಎರಡನೇ ದಿನವೇ ವಿಷಯ ತೆಗೆದ. "ಅಪ್ಪಾ, ಆ ಮೂರು ಎಕರೆ ಮಾರ್ಬಿಡಿ. ಆಳು ಸಿಗಲ್ಲ, ನಿಮ್ಗೆ ಮಂಡಿ ನೋವು. ನಾನಂತೂ ತೋಟಕ್ಕೆ ವಾಪಸ್ ಬರಲ್ಲ."

ನಾನು ಉತ್ತರ ಕೊಡಲಿಲ್ಲ. ಬೆಳಗ್ಗೆ ಎದ್ದು ಕಾಫಿ ಅಂಗಡಿ ಹುಡುಕಿಕೊಂಡು ಹೊರಟೆ.

ಅಲ್ಲಿ ಅದಕ್ಕೆ ಕೊಪಿತಿಯಾಮ್ ಅಂತಾರೆ. ಕೊಪಿ ಅಂದ್ರೆ ಮಲಯ ಭಾಷೆಯಲ್ಲಿ ಕಾಫಿ, ತಿಯಾಮ್ ಅಂದ್ರೆ ಹೊಕ್ಕಿಯೆನ್ ಚೀನಿಯರ ಮಾತಲ್ಲಿ ಅಂಗಡಿ. ಈ ಕಸುಬಿನಲ್ಲಿ ಹೆಸರಾದವರು ಹೈನಾನ್ ದ್ವೀಪದಿಂದ ಬಂದ ಚೀನಿಯರು. ಅವರು ಬರುವಷ್ಟರಲ್ಲಿ ಲಾಭದ ವ್ಯಾಪಾರಗಳೆಲ್ಲ ಮೊದಲೇ ಬಂದಿದ್ದವರ ಕೈ ಸೇರಿತ್ತಂತೆ. ಬ್ರಿಟಿಷರ ಮನೆಗಳಲ್ಲಿ ಅಡುಗೆ ಕೆಲಸ ಮಾಡಿ, ಆಮೇಲೆ ಸ್ವಂತ ಅಂಗಡಿ ಇಟ್ಟರು.

ನಾನು ಹೋಗ್ತಿದ್ದ ಅಂಗಡಿ ಹಳೇದು. ಅಮೃತಶಿಲೆಯ ದುಂಡು ಮೇಜು, ಮರದ ಕುರ್ಚಿ, ಮೇಲೆ ಫ್ಯಾನು. ಕಾಫಿ, ಟೀ ಮಾತ್ರ ಯಜಮಾನನದು. ನೂಡಲ್ಸ್ ಮಾಡೋರು ಮೂಲೆಯಲ್ಲಿ ಬಾಡಿಗೆಗೆ ಗಾಡಿ ಇಟ್ಟುಕೊಂಡಿರ್ತಾರೆ. ಉದ್ದನೆಯ ಬಟ್ಟೆ ಚೀಲಕ್ಕೆ ಪುಡಿ ಹಾಕಿ, ಕುದಿಯೋ ನೀರು ಸುರಿದು ಸೋಸ್ತಾರೆ. ನಮ್ಮಜ್ಜಿ ಬಟ್ಟೆಯಲ್ಲಿ ಸೋಸ್ತಿದ್ದಳಲ್ಲ, ಅದೇ ರೀತಿ. ದಪ್ಪ ಪಿಂಗಾಣಿ ಕಪ್ಪಿನ ತಳದಲ್ಲಿ ಕಂಡೆನ್ಸ್ಡ್ ಹಾಲು, ಮೇಲೆ ಕಪ್ಪು ಡಿಕಾಕ್ಷನ್. ಹಾಲು ಬೇಡ ಅಂದ್ರೆ ಕೊಪಿ ಓ, ಸಕ್ಕರೆನೂ ಬೇಡ ಅಂದ್ರೆ ಕೊಪಿ ಓ ಕೊಸೊಂಗ್. ಜೊತೆಗೆ ಕಾಯಾ ಟೋಸ್ಟ್. ಕಾಯಾ ಅಂದ್ರೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ ಮಾಡೋ ಜಾಮು. ಅರೆಬೆಂದ ಮೊಟ್ಟೆಗೆ ಸೋಯಾ ಸಾಸು, ಬಿಳಿ ಮೆಣಸಿನಪುಡಿ. ಮುದುಕರು ಕಾಫಿನ ಸಾಸರಿಗೆ ಬಗ್ಗಿಸಿ ಊದಿ ಕುಡಿಯೋದು ನೋಡಿ ನಮ್ಮೂರ ಹೋಟೆಲ್ಲೇ ಅನ್ನಿಸ್ತು.

ಬೀಜ ಹುರಿಯುವಾಗಲೇ ಸಕ್ಕರೆ, ಮಾರ್ಗರಿನ್ ಹಾಕಿ ಕರ್ರಗೆ ಮಾಡ್ತಾರೆ. ಇಪೋ ಊರಿನ 'ವೈಟ್ ಕಾಫಿ'ಗೆ ಮಾತ್ರ ಸಕ್ಕರೆ ಹಾಕದೆ ಹದವಾಗಿ ಹುರೀತಾರೆ. ಬೀಜ ಹೆಚ್ಚಾಗಿ ರೊಬಸ್ಟಾ, ಲೈಬೀರಿಕಾ. ನಾವು ರೊಬಸ್ಟಾದೋರು ಅರೇಬಿಕಾದೋರ ಮುಂದೆ ಯಾವಾಗ್ಲೂ ಸ್ವಲ್ಪ ಕುಗ್ಗಿಯೇ ಮಾತಾಡೋದು. ಅಲ್ಲಿ ಆ ಸಂಕೋಚ ನನಗೆ ಬರಲೇ ಇಲ್ಲ.

ಲೈಬೀರಿಕಾ ಅಂದ್ರೆ ನಮ್ಮ ಕಡೆ ಬೇಲಿಯಲ್ಲಿರೋ ಮರಕಾಫಿಯ ಜಾತಿ. ಎಲೆ ತುಕ್ಕು ರೋಗ ಅರೇಬಿಕಾನ ಹಾಳು ಮಾಡಿದ ಮೇಲೆ ಏಷ್ಯಾದ ತೋಟಗಳಿಗೆ ಬಂದಿದ್ದು. ಮಲಯದಲ್ಲಿ ಅದನ್ನೂ ಹೆಚ್ಚು ದಿನ ಉಳಿಸಿಕೊಳ್ಳಲಿಲ್ಲ. 1890ರ ದಶಕದಲ್ಲಿ ಬ್ರೆಜಿಲ್ ಬೆಳೆ ಹೆಚ್ಚಾಗಿ ಕಾಫಿ ರೇಟು ಬಿತ್ತು, ತೋಟದವರು ರಬ್ಬರಿಗೆ ತಿರುಗಿದರು. ಈಗಲೂ ಜೊಹೊರ್ ಕಡೆ ಸಣ್ಣ ರೈತರು ಲೈಬೀರಿಕಾ ಬೆಳೀತಾರೆ.

ಒಂದು ಭಾನುವಾರ ಮಗನೂ ಜೊತೆಗೆ ಬಂದ. ನಾನು ಕಾಫಿ ಬೆಳೆಯೋನು ಅಂತ ಹೇಳಿದ್ದೇ ತಡ, ಯಜಮಾನ ಎದುರಿಗೆ ಬಂದು ಕೂತ. ಎಪ್ಪತ್ತು ದಾಟಿರಬೇಕು. ಬಿಸಿನೀರು ತಾಗಿ ತಾಗಿ ಮುಂಗೈ ತುಂಬ ಕಲೆ. ಅವನು ಮಲಯದಲ್ಲಿ ಹೇಳ್ತಿದ್ದ, ಮಗ ಕನ್ನಡದಲ್ಲಿ ಹೇಳ್ತಿದ್ದ. ಅಂಗಡಿ ಅವರಪ್ಪನದು. ಮೂರು ಮಕ್ಕಳು, ಮೂರೂ ಜನ ಓದಿ ಹೊರಗಿದ್ದಾರೆ. "ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಮುಂದೆ ನಿಲ್ಲು ಅಂತ ಅವರಿಗೆ ಹೇಳೋಕಾಗುತ್ತಾ? ಓದಿಸಿದ್ದು ನಾನೇ. ಕೆಟಲ್ ಎತ್ತೋಕೆ ಆಗೋವರೆಗೂ ಮಾಡ್ತೀನಿ, ಆಮೇಲೆ..." ಅಷ್ಟು ಹೇಳಿ ಮಗ ನಿಲ್ಲಿಸಿಬಿಟ್ಟ. ಮುದುಕ ಇನ್ನೂ ಮಾತಾಡ್ತಿದ್ದ. ಆಮೇಲೆ ಏನಂದ ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಊರಿಗೆ ಬರೋವರೆಗೂ ಮಗ ಮಾರೋ ಮಾತು ಎತ್ತಲಿಲ್ಲ. ನಾನೂ ಮಾರಲ್ಲ ಅಂತ ಶಪಥ ಮಾಡಿಲ್ಲ. ಅವನು ಹೇಳಿದ್ದು ಸುಳ್ಳೇನಲ್ಲ, ಮಂಡಿ ನೋವು ನಿಜ, ಆಳಿನ ಕಷ್ಟನೂ ನಿಜ. ಓದಿಸಿದ್ದೂ ನಾನೇ. ಮಂಡಿ ತಡೆಯೋವರೆಗೆ ಈ ಕುಯ್ಲು, ಮುಂದಿನದು ಮುಂದೆ.

ಬೇಲಿಯ ಮರಕಾಫಿ ಕಡಿಸಬೇಕು ಅಂತಿದ್ದೆ, ಬಿಟ್ಟಿದ್ದೀನಿ. ಹೋದ ವರ್ಷದ ಬೀಜ ಒಂದು ಸೇರು ಇತ್ತು. ಸಕ್ಕರೆ, ಬೆಣ್ಣೆ ಹಾಕಿ ಹುರಿದೆ. ಬಾಣಲೆ ಸೀದು ಮನೆಯವಳ ಹತ್ರ ಬೈಸಿಕೊಂಡೆ, ಆದ್ರೆ ಕಾಫಿ ಮಾತ್ರ ಕುಡಿಯೋ ಹಾಗಿತ್ತು. ನಿಮ್ಮಲ್ಲಿ ಯಾರಾದ್ರೂ ಮರಕಾಫಿ ಬೇರೆಯಾಗಿ ಕುಯ್ದು ಹುರಿದು ಕುಡಿದಿದ್ರೆ, ಹದ ಹೇಗೆ ಅಂತ ಬರೀರಿ.