ಬಂಡೆ ಓತಿ ಮತ್ತು ಕರಿ ಚೀಟಿ

ಬಂಡೆ ಓತಿ ನೋಡಬೇಕಾದರೆ ಬಿಸಿಲೇರಿದ ಮೇಲೆ ಹೊರಡಬೇಕು. ಹಕ್ಕಿ ನೋಡುವವರು ಬೈನಾಕ್ಯುಲರ್ ಚೀಲಕ್ಕೆ ಹಾಕಿ ತಿಂಡಿಗೆ ತಿರುಗಿಕೊಳ್ಳುವ ಹೊತ್ತಿಗೆ ಇದರ ದಿನ ಕಳೆಗಟ್ಟುತ್ತದೆ. ನಂದಿ, ಸಾವನದುರ್ಗ, ರಾಮನಗರದ ಬೆಟ್ಟಗಳಲ್ಲಿ ಇದು ಧಾರಾಳ. ಅಷ್ಟು ದೂರ ಹೋಗಲಾರದವರಿಗೆ ಲಾಲ್‌ಬಾಗಿನ ಬಂಡೆಯಿದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವವರು ಕಾಲಬುಡದ ಬಿರುಕು ನೋಡುವುದು ಅಪರೂಪ.

ಗಾದೆಯ ಓತಿಕ್ಯಾತನಿಗೆ ಬೇಲಿ ಸಾಕ್ಷಿ, ಇದಕ್ಕೆ ಕಲ್ಲೇ ಸಾಕ್ಷಿ. ಬೇಲಿಯ ಓತಿಗಿರುವ ಮುಳ್ಳುಮುಳ್ಳಾದ ಜುಟ್ಟು ಇದಕ್ಕಿಲ್ಲ. ಮೈ ಚಪ್ಪಟೆ, ಬಿರುಕಿನಲ್ಲಿ ತೂರಲು ಹೇಳಿಮಾಡಿಸಿದ್ದು. ಹೆಣ್ಣು ಸದಾ ಕಲ್ಲಿನ ಬಣ್ಣದ್ದೇ. ಬೇಸಿಗೆ ಬಲಿತು ಕೂಡುವ ಕಾಲ ಬಂದಾಗ ಗಂಡು ಮಾತ್ರ ಮದುಮಗನಂತೆ ಸಿಂಗಾರಗೊಳ್ಳುತ್ತದೆ. ಹೆಣ್ಣಿನೆದುರು ಬೆನ್ನು ಕೆಂಪು, ಪಕ್ಕೆ ಕಪ್ಪು. ಎದುರಾಳಿ ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಈ ವೇಷ ಬದಲಾವಣೆ ನೋಡನೋಡುತ್ತಿದ್ದಂತೆ ಮುಗಿದುಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಂಡಂತೆ, ಪೇಟೆಯ ಓತಿಗಳ ಬಣ್ಣ ಹಳ್ಳಿಯವಕ್ಕಿಂತ ಮಂಕು. ಈ ಊರು ಯಾರ ಬಣ್ಣ ಉಳಿಸಿದೆ!

ಇದಕ್ಕೆ ವೈಜ್ಞಾನಿಕ ಹೆಸರಿಟ್ಟವನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ, 1831ರಲ್ಲಿ. ಮದ್ಯಸಾರದ ಸೀಸೆಯಲ್ಲಿ ಓತಿಯ ಬಣ್ಣ ನಿಲ್ಲುವುದಿಲ್ಲ, ಕೆಂಪು ಕಪ್ಪೆಲ್ಲ ಇಳಿದುಹೋಗುತ್ತದೆ. ಆದರೆ ಗ್ರೇಗೆ ಇನ್ನೊಂದು ಹುಚ್ಚಿತ್ತು, ಅದರಲ್ಲಿ ಬಣ್ಣ ಮಾಸುತ್ತಿರಲಿಲ್ಲ. 1840ರ ಮೇ 1ರಂದು ಜಗತ್ತಿನ ಮೊದಲ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ ಮಾರಾಟಕ್ಕೆ ಬಂದಾಗ, ಕಾಗದಕ್ಕೆ ಅಂಟಿಸಲಲ್ಲ, ಇಟ್ಟುಕೊಳ್ಳಲೆಂದೇ ಕೆಲವನ್ನು ಕೊಂಡವನು ಇವನು. ಮೊದಲ ಅಂಚೆಚೀಟಿ ಸಂಗ್ರಾಹಕ ಇವನೇ ಎನ್ನುವವರಿದ್ದಾರೆ. 1862ರಲ್ಲಿ ಚೀಟಿಗಳ ಪಟ್ಟಿಯ ಪುಸ್ತಕವನ್ನೂ ತಂದ. ಜೀವಜಂತುಗಳ ಪಟ್ಟಿ ಮಾಡಿದ ಕೈಗೆ ಇದೇನು ದೊಡ್ಡದಲ್ಲ.

ಆ ಕರಿ ಚೀಟಿಗೆ ಒಂದು ವರ್ಷವೂ ಆಯಸ್ಸಿರಲಿಲ್ಲ. ಕಪ್ಪಿನ ಮೇಲೆ ಒತ್ತಿದ ಕೆಂಪು ಮೊಹರನ್ನು ಜನ ಒರೆಸಿ ಮತ್ತೆ ಬಳಸತೊಡಗಿದರು. 1841ರಲ್ಲಿ ಚೀಟಿ ಕೆಂಪಾಯಿತು, ಮೊಹರು ಕಪ್ಪಾಯಿತು. ಕಪ್ಪು ಕೆಂಪಿನ ಪ್ರಾಣಿಗೆ ಹೆಸರಿಟ್ಟವನ ಮೇಜಿನ ಮೇಲೆ ಹೀಗೊಂದು ಬಣ್ಣ ಬದಲಾವಣೆ! ಶಾಲೆಯ ದಿನಗಳಲ್ಲಿ ಅಂಚೆಚೀಟಿ ಆಲ್ಬಮ್ ಇಟ್ಟುಕೊಂಡಿದ್ದವರಿಗೆ ಇದು ಬರಿಯ ಕಾಕತಾಳೀಯ ಎಂದು ಒಪ್ಪಲು ಮನಸ್ಸು ಬರುವುದಿಲ್ಲ.

ಓತಿಯನ್ನು ಹುಡುಕುವವರು ಬಂಡೆಯ ಮೈಯನ್ನಲ್ಲ, ಅದರ ನೆತ್ತಿಯನ್ನು ನೋಡಬೇಕು. ಗಂಡು ಎತ್ತರದ ಜಾಗ ಹಿಡಿದು ತಲೆಯಾಡಿಸುತ್ತ, ಮುಂಗಾಲಿನ ಮೇಲೆ ದಂಡ ಹೊಡೆಯುತ್ತ ಕೂರುತ್ತದೆ. ಅದರ ಆಸುಪಾಸಿನಲ್ಲೇ, ಸ್ವಲ್ಪ ಕೆಳಗೆ, ಹೆಣ್ಣು ಇರುವ ಸಂಭವ ಹೆಚ್ಚು; ಅಲುಗಾಡುವವರೆಗೂ ಅದು ಕಣ್ಣಿಗೆ ಬೀಳದು. ನೇರ ನಡೆದುಬಂದವರಿಗೆ ಎರಡೂ ಸಿಗವು, ಕಲ್ಲಿನ ಆಚೆ ಮಗ್ಗುಲಿಗೆ ಜಾರಿಬಿಡುತ್ತವೆ. ದೂರದಲ್ಲೇ ಕೂತವರೆದುರು, ಇರುವೆ ಹಿಡಿಯಲು ತಾವಾಗಿ ಈಚೆ ಬರುತ್ತವೆ. ಬಂಡೆ ಕಾದಂತೆ ಕಾಲು ನೆಟ್ಟಗೆ ಮಾಡಿ ಹೊಟ್ಟೆಯನ್ನು ಕಲ್ಲಿನಿಂದ ಮೇಲೆತ್ತಿ ನಿಲ್ಲುತ್ತವೆ. ಅದೂ ತಾಳದಾದಾಗ ಬಿರುಕು ಸೇರುತ್ತವೆ. ಆಮೇಲೆ ಬಿಸಿಲಲ್ಲಿ ನಿಂತು ಕಾಯುವುದು ದಂಡ. ಮತ್ತೆ ಹೊರಬರುವುದು ಸಂಜೆಯ ಕಡೆಗೆ.