ಹಗಲುವೇಷದ ಚಿಟ್ಟೆಗಳು

ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ 1825ರಲ್ಲಿ ಜನಿಸಿದ ಹೆನ್ರಿ ವಾಲ್ಟರ್ ಬೇಟ್ಸನು ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಕಾಲುಚೀಲದ ವ್ಯಾಪಾರಿಯೊಬ್ಬನ ಬಳಿ ದುಡಿಯಬೇಕಾಯಿತು. ಬಿಡುವು ದೊರೆತಾಗ ಕೀಟಗಳನ್ನು ಸಂಗ್ರಹಿಸುವುದೇ ಅವನ ಹವ್ಯಾಸ. 1848ರಲ್ಲಿ ಆತನು ಮಿತ್ರನಾದ ಆಲ್ಫ್ರೆಡ್ ರಸೆಲ್ ವಾಲೇಸನೊಡನೆ ಅಮೆಜಾನ್ ಅರಣ್ಯಕ್ಕೆ ಹೊರಟನು. ಹಿಡಿದ ಕೀಟಗಳನ್ನು ಲಂಡನ್ನಿಗೆ ಕಳುಹಿಸಿ, ಬಂದ ಹಣದಿಂದ ಜೀವಿಸಬೇಕೆಂಬುದು ಅವರ ಯೋಜನೆ. ವಾಲೇಸನು ನಾಲ್ಕು ವರ್ಷಗಳ ಬಳಿಕ ಹಿಂದಿರುಗಿದನು. ಬೇಟ್ಸನು ಹನ್ನೊಂದು ವರ್ಷ ಅಲ್ಲಿಯೇ ಉಳಿದನು. ಒಮ್ಮೆ ವರ್ಷವಿಡೀ ಊರಿನಿಂದ ಕಾಗದವಾಗಲಿ ಹಣವಾಗಲಿ ಬಾರದೆ, ಉಟ್ಟ ಬಟ್ಟೆ ಚಿಂದಿಯಾಗಿ, ಬರಿಗಾಲಿನಲ್ಲಿ ಕಾಡು ಅಲೆದನು. ಆದರೂ ಬಲೆಯನ್ನು ಕೆಳಗಿಡಲಿಲ್ಲ.

ಆ ಕಾಡಿನಲ್ಲಿ ಉದ್ದ ರೆಕ್ಕೆಯ ಬಣ್ಣದ ಚಿಟ್ಟೆಗಳು ಹೇರಳವಾಗಿದ್ದವು. ಅವು ಬಲು ನಿಧಾನವಾಗಿ ಹಾರುತ್ತಿದ್ದರೂ ಹಕ್ಕಿಗಳು ಅವುಗಳ ತಂಟೆಗೆ ಹೋಗುತ್ತಿರಲಿಲ್ಲ. ಹಿಡಿದು ತಂದವುಗಳನ್ನು ಪರೀಕ್ಷಿಸುವಾಗ, ನಡುನಡುವೆ ಅಪರೂಪಕ್ಕೆ ಬೇರೊಂದು ವಂಶದ ಚಿಟ್ಟೆ ಕಾಣಿಸುತ್ತಿತ್ತು. ರೆಕ್ಕೆಯ ಬಣ್ಣ, ಹಾರುವ ರೀತಿ ಎಲ್ಲವೂ ಒಂದೇ. ಆದರೆ ಮೊದಲಿನವು ನಡೆಯಲು ನಾಲ್ಕೇ ಕಾಲುಗಳನ್ನು ಬಳಸುವಂಥವು, ಇವು ಆರನ್ನೂ ಬಳಸುವಂಥವು! ಹಾರುತ್ತಿರುವಾಗ ಬೇಟ್ಸನ ಪಳಗಿದ ಕಣ್ಣೂ ಮೋಸಹೋಗುತ್ತಿತ್ತು.

ಆತನು ಕಂಡುಕೊಂಡ ಕಾರಣ ಸರಳವಾದುದು. ಮೊದಲಿನ ಚಿಟ್ಟೆಗಳ ರುಚಿ ಹಕ್ಕಿಗೆ ಸೇರದು. ಒಮ್ಮೆ ಕಚ್ಚಿ ಉಗುಳಿದ ಹಕ್ಕಿ ಆ ಬಣ್ಣವನ್ನು ಮರೆಯದು. ರುಚಿಯಾದ ಚಿಟ್ಟೆಗಳಲ್ಲಿ ಅವನ್ನು ಕೊಂಚ ಹೋಲುವವು ಬದುಕಿದವು, ಹೋಲದವು ಹಕ್ಕಿಯ ಪಾಲಾದವು. ತಲೆಮಾರುಗಳು ಕಳೆದಂತೆ ಹೋಲಿಕೆ ಹೆಚ್ಚುತ್ತ ಬಂದಿತು. ಹಗಲುವೇಷದವನಿಗೆ ತಾನು ತೊಟ್ಟಿರುವುದು ವೇಷವೆಂದು ಗೊತ್ತು. ಚಿಟ್ಟೆಗೆ ಅದಾವುದೂ ತಿಳಿಯದು. ಅದಕ್ಕೆ ವೇಷ ಕಟ್ಟಿದ್ದು ಹಕ್ಕಿಯ ಕೊಕ್ಕು. ವೇಷಧಾರಿಗಳು ವಿರಳವಾಗಿದ್ದರೇ ಚೆನ್ನ. ಅವು ಹೆಚ್ಚಿದರೆ ಆ ಬಣ್ಣವೇ ರುಚಿಯ ಗುರುತಾಗಿಬಿಡುತ್ತದೆ. 1862ರಲ್ಲಿ ಅಚ್ಚಾದ ಈ ಲೇಖನವನ್ನು ಡಾರ್ವಿನ್ನನು ಮನಸಾರೆ ಮೆಚ್ಚಿದನು. ನಿಸರ್ಗದ ಆಯ್ಕೆಯೆಂಬ ಅವನ ವಾದಕ್ಕೆ ಅದರಿಂದ ಬಲ ಬಂದಿತು.

ಇಂತಹ ವೇಷ ಕರ್ನಾಟಕದ ಹಿತ್ತಲುಗಳಲ್ಲಿಯೂ ಉಂಟು. ಕರಿಬೇವು, ನಿಂಬೆಗಳ ಎಲೆ ತಿಂದು ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯ ಗಂಡು ಕಪ್ಪು ಬಣ್ಣದ್ದು, ಹಿಂರೆಕ್ಕೆಯಲ್ಲಿ ಬಿಳಿಯ ಪಟ್ಟಿ. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇರುತ್ತವೆ. ಉಳಿದವು ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ವಿಷದ ಚಿಟ್ಟೆಗಳನ್ನು ಹೋಲುತ್ತವೆ. ಈ ಬಗೆಬಗೆಯ ರೂಪಗಳು ಒಂದೇ ಜಾತಿಯ ಹೆಣ್ಣುಗಳೆಂದು 1865ರಲ್ಲಿ ತೋರಿಸಿದವನು ಅದೇ ವಾಲೇಸನು. ಕೀಟಗಳಲ್ಲಿ ಗಂಡುಹೆಣ್ಣಿನ ಭೇದವನ್ನು ರೂಪಿಸುವ ಒಂದು ಜೀನೇ ಈ ವೇಷವನ್ನೂ ನಿಯಂತ್ರಿಸುತ್ತದೆಂದು 2014ರಲ್ಲಿ ತಿಳಿದುಬಂದಿತು.

ರೋಸ್ ಚಿಟ್ಟೆಗಳು ಮರಿಹುಳುವಾಗಿದ್ದಾಗ ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡಿರುತ್ತವೆ. ಅವುಗಳ ಮೈ ಕೆಂಪು. ವೇಷಧಾರಿಯ ಮೈ ಮಾತ್ರ ಕಪ್ಪಾಗಿಯೇ ಉಳಿದಿದೆ. ಹಾರುವ ಹಕ್ಕಿಗೆ ಅಷ್ಟನ್ನು ನೋಡುವ ವ್ಯವಧಾನವಿರುವುದಿಲ್ಲ.