ದಮ್ಮು ಕಟ್ಟಿದರೆ ಗಾಳಿ ಉಳಿಯೋಲ್ಲ

ಮುರುಡೇಶ್ವರ
ಭಾನುವಾರ ರಾತ್ರಿ

ಚಿಕ್ಕಪ್ಪ,

ಡೈವಿಂಗ್ ಮಾಡುವಾಗ ಒಂದು ಸಿಲಿಂಡರು ಗಾಳಿ ಎಷ್ಟು ಹೊತ್ತು ಬರುತ್ತೆ, ಬಾವಿಯಲ್ಲಿ ದಮ್ಮು ಕಟ್ಟಿ ಅಭ್ಯಾಸ ಮಾಡಿಕೊಂಡು ಬಂದರೆ ಇನ್ನೂ ಜಾಸ್ತಿ ಹೊತ್ತು ಬರುತ್ತಾ ಅಂತ ನಮ್ಮ ಪುಟ್ಟ ಫೋನಿನಲ್ಲಿ ಕೇಳಿದ. ಅಷ್ಟರಲ್ಲಿ ಲೈನು ಕಟ್ಟಾಯಿತು. ಹೇಳೋದೂ ಉದ್ದ ಇದೆ, ಅದಕ್ಕೇ ಈ ಕಾಗದ. ನೀವೂ ಓದಿ, ಅವನಿಗೂ ಓದಿಸಿ. ಅವನ ತಲೆಗೆ ಬಾವಿಯ ಹುಚ್ಚು ಹತ್ತಿಸಿದವರು ನೀವೇ ತಾನೆ.

ದಾರಿ ದೂರ. ಶಿರಾದಲ್ಲಿ ಬಸ್ಸು ಹಿಡಿದು ಹಿರಿಯೂರು, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ. ಅಲ್ಲಿಂದ ಮುರುಡೇಶ್ವರ ಹತ್ತಿರ. ದೇವಸ್ಥಾನದ 20 ಅಂತಸ್ತಿನ ಗೋಪುರ, 123 ಅಡಿಯ ಶಿವನ ಬಗ್ಗೆ ಬರೆಯೋಲ್ಲ, ಚಿಕ್ಕಮ್ಮನ ಫೋನಿನಲ್ಲಿ ಫೋಟೋಗಳಿವೆ. ಡೈವಿಂಗ್ ನಡೆಯೋದು ಇಲ್ಲಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿಯಲ್ಲಿ. ದೋಣಿಯಲ್ಲಿ ಒಂದೂವರೆ ಗಂಟೆ. ಪುನೀತ್ ರಾಜ್‌ಕುಮಾರ್ ‘ಗಂಧದಗುಡಿ’ಯಲ್ಲಿ ನೀರಿಗಿಳಿದಿದ್ದು ಇಲ್ಲೇ. 2022ರಲ್ಲಿ ಆ ಚಿತ್ರ ಬಂದಮೇಲೆ ನಮ್ಮ ಕಡೆಯವರಿಗೂ ನೇತ್ರಾಣಿ ಅಂದರೆ ಗೊತ್ತಾಯಿತು. ದ್ವೀಪ ಅಂದರೆ ಕಡಿದಾದ ಬಂಡೆ, ಮೇಲೆ ಕಾಡು, ಆಕಾಶದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು. ಹರಕೆಗೆ ಬಿಟ್ಟ ಆಡುಗಳೂ ಇವೆಯಂತೆ. ನಾವು ದಡ ಹತ್ತಲಿಲ್ಲ. ದೋಣಿಯಿಂದ ನೇರ ನೀರಿಗೆ.

ಸಿಲಿಂಡರಿನ ಲೆಕ್ಕಕ್ಕೆ ಬರ್ತೀನಿ. ಎಲ್ಲರೂ ಅದನ್ನು ಆಕ್ಸಿಜನ್ ಸಿಲಿಂಡರು ಅಂತಾರೆ, ಅದರಲ್ಲಿರೋದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿ. ಪಾವಗಡದ ಕಡೆ ನೀರು ಕಮ್ಮಿಯಾದ ಬೋರಿಗೆ ಕಂಪ್ರೆಸರ್ ಹಾಕಿಸ್ತಾರಲ್ಲ, ಇಲ್ಲೂ ಕಂಪ್ರೆಸರೇ. ಆದರೆ ಗಾಳಿಯನ್ನು ಸೋಸಿ, ಒಣಗಿಸಿ, 200 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ನಿಮ್ಮ ಲಾರಿಯ ಟೈರಿನಲ್ಲಿ ಇರೋದು ಎಂಟರ ಆಸುಪಾಸು. ಸಿಲಿಂಡರಿನ ಒಳಗಿನ ಜಾಗ 11 ಲೀಟರು. 200 ಬಾರ್ ಅಂದರೆ 2,200 ಲೀಟರು ಗಾಳಿ. ಅದರಲ್ಲಿ ಕೊನೆಯ 50 ಬಾರ್ ಮುಟ್ಟೋ ಹಾಗಿಲ್ಲ, ಅದನ್ನು ಇಟ್ಟುಕೊಂಡೇ ಮೇಲೆ ಬರಬೇಕು. ಕೈಗೆ ಸಿಗೋದು 1,650 ಲೀಟರು.

ಆರಾಮಾಗಿರುವ ಮನುಷ್ಯ ನಿಮಿಷಕ್ಕೆ 15 ಲೀಟರು ಎಳೆಯುತ್ತಾನೆ ಅಂತ ಇಟ್ಟುಕೊಳ್ಳಿ. ನೀರಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತೆ. 10 ಮೀಟರಿನಲ್ಲಿ ಅದೇ ಉಸಿರಿಗೆ ಎರಡರಷ್ಟು ಗಾಳಿ ಬೇಕು, 20ರಲ್ಲಿ ಮೂರರಷ್ಟು. ಅಂದರೆ 10 ಮೀಟರಿನಲ್ಲಿ ನಿಮಿಷಕ್ಕೆ 30 ಲೀಟರು, 55 ನಿಮಿಷ. ಗಾಬರಿಯಾದವನು ಮೇಲೆಯೇ 25 ಲೀಟರು ಎಳೆಯುತ್ತಾನೆ. ಅವನಿಗೆ 10 ಮೀಟರಿನಲ್ಲಿ ಅದೇ ಸಿಲಿಂಡರು 33 ನಿಮಿಷ. ಕೆಳಗೆ ಇಳಿದಷ್ಟೂ ಬೇಗ ಖಾಲಿ. ಇಲ್ಲಿ ಮೀನಿರೋದು ಹೆಚ್ಚಾಗಿ ಮೇಲಿನ ಬಂಡೆಗಳ ಹತ್ತಿರ, ಬೆಳಕೂ ಅಲ್ಲೇ. ಸುಮ್ಮನೆ ಆಳಕ್ಕೆ ಹೋಗಿ ಬಂದೆ ಅಂತ ಹೇಳಿಕೊಳ್ಳೋಕೆ ಗಾಳಿ ಸುಡುವವರನ್ನು ಕಂಡರೆ ನನಗೆ ನಗು ಬರುತ್ತೆ.

ಈಗ ಪುಟ್ಟನ ದಮ್ಮಿನ ಮಾತು. ಕೊರಟಗೆರೆ ತೋಟದ ಬಾವಿಯಲ್ಲಿ ಸೋರೆಬುರುಡೆ ಕಟ್ಟಿ ಈಜು ಕಲಿಸಿದಿರಿ. ಬುರುಡೆ ಬಿಚ್ಚಿದ ಮೇಲೆ ನಮ್ಮೆಲ್ಲರ ಪಂದ್ಯ ಒಂದೇ: ಎದೆ ತುಂಬ ಉಸಿರು ತುಂಬಿಕೊಂಡು ಮುಳುಗಿ, ತಳ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಒಂದು ಹಿಡಿ ಕೆಸರು ತರೋದು. ಆ ವಿದ್ಯೆ ಇಲ್ಲಿ ನಡೆಯೋಲ್ಲ. ನಡೆಯೋಲ್ಲ ಅನ್ನೋದಕ್ಕಿಂತ, ಅಪಾಯ. ಬಾವಿಯಲ್ಲಿ ಮೇಲಿನ ಗಾಳಿಯನ್ನು ಒಳಗೆ ತಗೊಂಡು ಇಳೀತೀವಿ; ಕೆಳಗೆ ಅದು ಕುಗ್ಗುತ್ತೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತೆ. ಇಲ್ಲಿ ಎದೆಗೆ ಹೋಗೋದು 10 ಮೀಟರು ಕೆಳಗಿನ ಒತ್ತಡದ ಗಾಳಿ. ಅದನ್ನು ಬಿಗಿಹಿಡಿದು ಮೇಲೆ ಬಂದರೆ ಎರಡರಷ್ಟು ಹಿಗ್ಗುತ್ತೆ, ಶ್ವಾಸಕೋಶ ಹರಿಯುತ್ತೆ. ಮೊದಲ ದಿನ ಹೇಳಿಕೊಡೋ ಮೊದಲ ಪಾಠವೇ ಉಸಿರು ಯಾವತ್ತೂ ನಿಲ್ಲಿಸಬೇಡಿ ಅನ್ನೋದು.

ಸರಿ, ಮೇಲೆ ಬರುವಾಗ ಬಿಡೋಣ, ಕೆಳಗಿರುವಾಗ ಒಂದುಸಿರು ಬಿಟ್ಟು ಒಂದುಸಿರು ತಗೊಂಡರೆ ಗಾಳಿ ಉಳಿಯುತ್ತಲ್ಲ ಅಂತ ಅವನು ವಾದ ಮಾಡ್ತಾನೆ, ನನಗೆ ಗೊತ್ತು. ಉಳಿಯೋಲ್ಲ. ಉಸಿರು ಬೇಕು ಬೇಕು ಅಂತ ಒಳಗಿಂದ ಒತ್ತಾಯ ಮಾಡೋದು ಆಕ್ಸಿಜನ್ ಕಮ್ಮಿಯಾದದ್ದಲ್ಲ, ಹೊರಗೆ ಹೋಗದೆ ಕೂತ ಕಾರ್ಬನ್ ಡೈಆಕ್ಸೈಡು. ಅದು ಸೇರಿದಷ್ಟೂ ಏದುಸಿರು ಜಾಸ್ತಿ. ಉಳಿಸಿದ್ದನ್ನೆಲ್ಲ ಎರಡೇ ನಿಮಿಷದಲ್ಲಿ ಕಳಕೊಂಡು, ದೋಣಿ ಹತ್ತಿದಮೇಲೆ ತಲೆನೋವು ಬೇರೆ. ಸಣ್ಣ ಸಣ್ಣ ಉಸಿರೂ ದಂಡವೇ, ಪ್ರತಿ ಸಲವೂ ಒಂದಷ್ಟು ಗಾಳಿ ಗಂಟಲು, ಶ್ವಾಸನಾಳದಲ್ಲೇ ಓಡಾಡಿ ವಾಪಸು ಬರುತ್ತೆ. ನಿಧಾನವಾಗಿ ಆಳಕ್ಕೆ ಎಳೆದು, ಅದಕ್ಕಿಂತ ನಿಧಾನವಾಗಿ ಪೂರ್ತಿ ಬಿಡಬೇಕು. ಬಿಡೋದೇ ಮುಖ್ಯ.

ಮಧುಗಿರಿ ಬೆಟ್ಟ ಹತ್ತುವಾಗ ನೀವು ಹೇಳ್ತಿದ್ದಿರಿ, ಮಾತಾಡಿಕೊಂಡು ಹತ್ತೋಕೆ ಆಗದಿದ್ದರೆ ನಿನ್ನ ಕಾಲು ಜಾಸ್ತಿ ಓಡ್ತಿದೆ ಅಂತ. ನೀರಲ್ಲೂ ಅದೇ ಮಾತು. ಗಾಳಿ ತಿನ್ನೋದು ಬಾಯಲ್ಲ, ಕೈಕಾಲು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಎರಡರಷ್ಟು ವೇಗಕ್ಕೆ ಹೋದರೆ ನೀರಿನ ತಡೆ ನಾಲ್ಕರಷ್ಟಾಗುತ್ತೆ. ನಮ್ಮ ದೋಣಿಯಲ್ಲಿ ಬೆಂಗಳೂರಿನ ಒಬ್ಬ ಜಿಮ್ ಹುಡುಗ ಇದ್ದ, ತೋಳು ನನ್ನ ತೊಡೆಯಷ್ಟಿತ್ತು. ಮೀನು ಕಂಡಲ್ಲೆಲ್ಲ ಹಿಂದೆ ಓಡಿದ, ಕೈಯಲ್ಲಿ ನೀರು ಬಡಿದ. ಅವನ ಗೇಜಿನ ಮುಳ್ಳು 50 ಬಾರ್‌ಗೆ ಬಂದಾಗ ಜೊತೆಯಲ್ಲಿದ್ದ ಐವತ್ತು ವರ್ಷ ದಾಟಿದ ಬ್ಯಾಂಕಿನ ಮೇಡಂ ಅವರ ಸಿಲಿಂಡರಿನಲ್ಲಿ ಇನ್ನೂ 110 ಇತ್ತು. ಅವರು ಎರಡು ಕೈ ಎದೆಗೆ ಕಟ್ಟಿಕೊಂಡು, ಚಾಪೆಯ ಮೇಲೆ ಬೋರಲು ಮಲಗಿದವರ ಹಾಗೆ ಮಟ್ಟಸವಾಗಿ ತೇಲಿ, ಆಗೊಮ್ಮೆ ಈಗೊಮ್ಮೆ ಫಿನ್ ಆಡಿಸುತ್ತಿದ್ದರು, ಅಷ್ಟೇ.

ಸೊಂಟಕ್ಕೆ ಕಟ್ಟೋ ಸೀಸದ ತೂಕವೂ ಈ ಗಾಳಿಯ ಲೆಕ್ಕದಲ್ಲಿ ಸೇರಿದೆ. ಉಪ್ಪುನೀರು ಬಾವಿ ನೀರಿಗಿಂತ ಹೆಚ್ಚು ತೇಲಿಸುತ್ತೆ, ಹಾಗಾಗಿ ಸೀಸ ಬೇಕೇ ಬೇಕು. ಹೆದರಿ ಜಾಸ್ತಿ ಕಟ್ಟಿಸಿಕೊಂಡರೆ ಕಾಲು ಕೆಳಗೆ ಜೋಲುತ್ತೆ, ತೇಲೋಕೆ ಹಾಕಿಕೊಂಡ ಜಾಕೆಟ್ಟಿಗೆ ಗಾಳಿ ತುಂಬಿ ತುಂಬಿ ಸರಿಮಾಡಬೇಕು, ಆ ಗಾಳಿ ಬರೋದೂ ಅದೇ ಸಿಲಿಂಡರಿನಿಂದ. ಕಮ್ಮಿ ಕಟ್ಟಿದರೂ ಕಷ್ಟ: ತುಂಬಿದ ಸಿಲಿಂಡರಿನ ಒಳಗಿನ ಗಾಳಿಗೇ ಸುಮಾರು ಎರಡೂವರೆ ಕೆಜಿ ತೂಕ ಇರುತ್ತೆ, ಅದು ಮುಗೀತಾ ಬಂದ ಹಾಗೆ ಸಿಲಿಂಡರು ಹಗುರಾಗಿ ಕೊನೆಯಲ್ಲಿ ನಮ್ಮನ್ನು ಮೇಲಕ್ಕೆ ಎಳೆಯುತ್ತೆ. ಕೊನೆಗೆ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲೋ ನಿಯಮ ಇದೆ, ಅಲ್ಲಿ ನಿಲ್ಲೋಕಾಗದೆ ಒದ್ದಾಡುವವರು ಇಂಥವರೇ.

ಒಂದು ಬಂಡೆಯ ಬಿರುಕಿನಲ್ಲಿ ಮೋರೇ ಈಲ್ ನೋಡಿದೆ. ಹಾವಿನ ಥರದ ಮೀನು, ಕಂದು ಮೈ ತುಂಬ ಚುಕ್ಕಿ, ತಲೆ ಮಾತ್ರ ಆಚೆ. ಬಾಯಿ ತೆರೀತಿತ್ತು, ಮುಚ್ಚುತಿತ್ತು, ಒಳಗಿನ ಸೂಜಿಹಲ್ಲು ಕಾಣ್ತಿತ್ತು. ಕಚ್ಚೋಕೆ ಬರುತ್ತೆ ಅನ್ನಿಸುತ್ತೆ ಯಾರಿಗಾದರೂ. ಅದು ಉಸಿರಾಡೋದೇ ಹಾಗಂತೆ, ಬಾಯಿಂದ ನೀರು ಎಳೆದು ಕಿವಿರಿಗೆ ತಳ್ಳೋದು. ಅದರ ಮುಂದೆ ಒಂದು ಮಾರು ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ. ಗೇಜಿನ ಮುಳ್ಳು ಅಲ್ಲಾಡಿದ ಹಾಗೇ ಕಾಣಲಿಲ್ಲ. ಆಸುಪಾಸಿನಲ್ಲಿ ಗಿಳಿಮೀನುಗಳು ಬಂಡೆ ಕೆರೆಯೋ ಕಟಕಟ ಸದ್ದು, ನನ್ನ ಗುಳ್ಳೆಗಳ ಸದ್ದು, ಬೇರೇನಿಲ್ಲ.

ಪುಟ್ಟನಿಗೆ ಇಷ್ಟು ಹೇಳಿ. ಮೊದಲ ಸಲ ಬಂದವರನ್ನು 12 ಮೀಟರಿಗಿಂತ ಕೆಳಗೆ ಬಿಡೋಲ್ಲ, ಪಕ್ಕದಲ್ಲೇ ಕಲಿಸುವವರು ಇರುತ್ತಾರೆ, ಗಾಳಿಯ ಲೆಕ್ಕ ಅವರದ್ದು. ಗೇಜು ನೋಡೋದನ್ನು ಮಾತ್ರ ಇವನೂ ಬಿಡಬಾರದು. ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಅಂತಲ್ಲ, ‘ಮೇಲೆ ಹೋಗೋಣ’ ಅಂತ. ನೆಗಡಿ ಇದ್ದರೆ ಬರೋದೇ ಬೇಡ, ಕಿವಿಯ ಒತ್ತಡ ಸರಿಯಾಗೋಲ್ಲ. ದೋಣಿಯಲ್ಲಿ ವಾಂತಿಯಾಗುವವರೇ ಜಾಸ್ತಿ, ಬೆಳಿಗ್ಗೆ ಎರಡು ಇಡ್ಲಿ ಸಾಕು. ನೀವೂ ಇಳಿಯೋದಾದರೆ ಡಾಕ್ಟರ ಚೀಟಿ ಕೇಳಬಹುದು, ಬೀಡಿಯ ವಿಷಯ ಅವರಿಗೆ ಮುಚ್ಚಿಡಬೇಡಿ.

ನಾಳೆ ಹೊರಡೋಲ್ಲ, ನಾಡಿದ್ದು. ಡೈವಿಂಗ್ ಆದ ಕೂಡಲೇ ವಿಮಾನ ಹತ್ತಬಾರದು ಅಂತಾರಲ್ಲ, ಘಟ್ಟ ಹತ್ತೋದಕ್ಕೂ ಆ ಎಚ್ಚರಿಕೆ ಬೇಕು. ಮೈಯಲ್ಲಿ ಕರಗಿದ ಸಾರಜನಕ ಹೊರಗೆ ಹೋಗೋಕೆ ಒಂದು ದಿನ ಬಿಡಬೇಕು, ನಮ್ಮ ಮಧುಗಿರಿ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಬಿಡೋಲ್ಲ. ಪುಟ್ಟನ ಪರೀಕ್ಷೆ, ದಂಡಿನ ಮಾರಮ್ಮನ ಜಾತ್ರೆ ಮುಗಿಸಿಕೊಂಡು ಏಪ್ರಿಲ್ ಒಳಗೆ ಬನ್ನಿ, ವಾಪಸು ಹೋಗೋಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಬನ್ನಿ.

ನಿಮ್ಮ ಅಣ್ಣನ ಮಗಳು